ದಾಳಿಂಬೆ ನಾಡಿನ ಹೊಸ ಮೂಢನಂಬಿಕೆ

ಹಣ್ಣಿನ ರಸವನ್ನು ಬಾಯಿರುಚಿಗಾಗಿ ಕುಡಿಯುವ ಕಾಲ ಹೋಯಿತು. ಈಗ ಅದನ್ನು ಆ್ಯಂಟಿಆಕ್ಸಿಡೆಂಟ್ ಲೆಕ್ಕ ಹಾಕಿ ಕುಡಿಯಬೇಕಂತೆ. ಮೋಸಂಬಿಗಿಂತ ಕಪ್ಪು ದ್ರಾಕ್ಷಿ ಮೇಲು, ಕಪ್ಪು ದ್ರಾಕ್ಷಿಗಿಂತ ದಾಳಿಂಬೆ ಮೇಲು, ಬಣ್ಣ ಗಾಢವಾದಷ್ಟೂ ಆಯುಷ್ಯ ಗಟ್ಟಿ ಎಂಬ ಹೊಸ ಶಾಸ್ತ್ರವೊಂದು ಜ್ಯೂಸ್ ಅಂಗಡಿಯ ಫಲಕದಲ್ಲಿ, ವಾಟ್ಸ್‌ಆ್ಯಪ್ ಸಂದೇಶದಲ್ಲಿ, ರಟ್ಟಿನ ಡಬ್ಬಿಯ ಬೆನ್ನ ಮೇಲೆ, ದವಾಖಾನೆಯ ಬೆಂಚಿನ ಮಾತುಕತೆಯಲ್ಲಿ ಹಬ್ಬಿ ಕೂತಿದೆ. ಸೊಲ್ಲಾಪುರ ಜಿಲ್ಲೆಯಲ್ಲಿ ಈ ಶಾಸ್ತ್ರಕ್ಕೆ ಭಕ್ತರು ಸಿಗುವುದು ಇನ್ನೂ ಸುಲಭ. ಸಾಂಗೋಲೆ, ಪಂಢರಪುರ, ಮಂಗಳವೇಢೆ ತಾಲೂಕುಗಳ ಹಗುರ ನೆಲದಲ್ಲಿ ಬೆಳೆಯುವ ಭಗವಾ ದಾಳಿಂಬೆ ಈ ಸೀಮೆಯ ಹೆಮ್ಮೆ. ಸೊಲ್ಲಾಪುರದ ದಾಳಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲೇ ಇದೆ. ನಂದೇಶ್ವರದಂಥ ಮಳೆ ಕಡಿಮೆಯ ಊರುಗಳಲ್ಲಿ, ಅಕ್ಕಲಕೋಟೆಯ ಕನ್ನಡ ಮನೆಗಳಲ್ಲಿ, ನಮ್ಮ ಹೊಲದ ಹಣ್ಣನ್ನೇ ಜಗತ್ತು ಅಮೃತವೆಂದರೆ ಬೇಡ ಎನ್ನುವವರು ಯಾರು? ಆದರೂ ಯಾರಾದರೂ ಬೇಡ ಎನ್ನಲೇಬೇಕು. ಆ್ಯಂಟಿಆಕ್ಸಿಡೆಂಟ್ ಪ್ರಮಾಣ ನೋಡಿ ಹಣ್ಣಿನ ರಸ ಆರಿಸುವುದು ವಿಜ್ಞಾನದ ವೇಷ ತೊಟ್ಟ ಮೂಢನಂಬಿಕೆ. ನಿಂಬೆಹಣ್ಣು, ಮೆಣಸಿನಕಾಯಿ ಬಾಗಿಲಿಗೆ ಕಟ್ಟುವ ನಂಬಿಕೆಯಿಂದ ಯಾರ ರಕ್ತದ ಸಕ್ಕರೆಯೂ ಏರುವುದಿಲ್ಲ, ಇದರಿಂದ ಏರುತ್ತದೆ.

ಮೊದಲ ಆರೋಪ ಆ ಅಂಕಿಯ ಮೇಲೆಯೇ. ಯಾವ ರಸದಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು ಎಂದು ಹೇಳುವ ಪಟ್ಟಿಗಳ ಮೂಲ ಹುಡುಕಿದರೆ ಸಿಗುವುದು ಬಹುಪಾಲು ಒಂದು ಗಾಜಿನ ನಳಿಕೆ. ಹೊಳೆಯುವ ಒಂದು ಬಣ್ಣವನ್ನು ನಳಿಕೆಗೆ ಹಾಕಿ, ಅದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ, ಹಣ್ಣಿನ ಸಾರ ಬೆರೆಸಿದಾಗ ಆ ಹೊಳಪು ಎಷ್ಟು ಹೊತ್ತು ಉಳಿಯಿತು ಎಂದು ಅಳೆಯುತ್ತಾರೆ. ಓರಾಕ್ ಎಂಬ ಹೆಸರಿನ ಈ ಅಳತೆಯಲ್ಲಿ ಹೊಟ್ಟೆಯಿಲ್ಲ, ಕರುಳಿಲ್ಲ, ಯಕೃತ್ತಿಲ್ಲ, ಮನುಷ್ಯನೇ ಇಲ್ಲ. ಅಮೆರಿಕದ ಕೃಷಿ ಇಲಾಖೆ ನೂರಾರು ಆಹಾರಗಳ ಓರಾಕ್ ಅಂಕಿಗಳನ್ನು 2007ರಲ್ಲಿ ಪ್ರಕಟಿಸಿತು, 2010ರಲ್ಲಿ ಪರಿಷ್ಕರಿಸಿತು, 2012ರಲ್ಲಿ ಇಡೀ ಕೋಷ್ಟಕವನ್ನೇ ತನ್ನ ತಾಣದಿಂದ ತೆಗೆದುಹಾಕಿತು. ಈ ಅಂಕಿಗಳಿಗೂ ಮನುಷ್ಯನ ಆರೋಗ್ಯದ ಮೇಲಾಗುವ ಪರಿಣಾಮಕ್ಕೂ ಸಂಬಂಧವಿಲ್ಲ, ಆಹಾರ ಮತ್ತು ಪೂರಕ ಮಾತ್ರೆಗಳ ಕಂಪನಿಗಳು ಇವನ್ನು ಮಾರಾಟಕ್ಕೆ ದುರುಪಯೋಗ ಮಾಡುತ್ತಿವೆ ಎಂಬುದು ಇಲಾಖೆ ಕೊಟ್ಟ ಕಾರಣ. ಅಳತೆ ಮಾಡಿದವರೇ ಅಳತೆಪಟ್ಟಿಯನ್ನು ಮುರಿದು ಎಸೆದು ಹತ್ತು ವರ್ಷ ದಾಟಿದೆ. ನಾವು ಮಾತ್ರ ಅದರ ತುಂಡುಗಳನ್ನು ಆರಿಸಿ ತಂದು ಇನ್ನೂ ಹಣ್ಣು ಅಳೆಯುತ್ತಿದ್ದೇವೆ.

ಇರಲಿ, ಆ ಅಂಕಿಯೇ ಸತ್ಯವೆಂದು ಒಂದು ಗಳಿಗೆ ಒಪ್ಪೋಣ. ಒಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೇವೆ? ಅದೇ ಕೋಷ್ಟಕದಲ್ಲಿ 100 ಗ್ರಾಂ ದಾಳಿಂಬೆ ರಸಕ್ಕೆ 3,000ದ ಒಳಗಿನ ಅಂಕ, ಲವಂಗದ ಪುಡಿಗೆ 2,90,000ದ ಸುಮಾರು, ಒಗರು ಹೆಚ್ಚಿರುವ ಕಂದು ಜೋಳದ ತೌಡಿಗೆ 2,40,000ದ ಸುಮಾರು. ಅಂದರೆ ದಾಳಿಂಬೆ ರಸಕ್ಕಿಂತ ಜೋಳದ ತೌಡು ಎಂಬತ್ತು ಪಟ್ಟು ಮೇಲು! ಆ್ಯಂಟಿಆಕ್ಸಿಡೆಂಟ್ ನಂಬಿ ಆಹಾರ ಆರಿಸುವವರು ಪ್ರಾಮಾಣಿಕರಾದರೆ ಜ್ಯೂಸ್ ಅಂಗಡಿಗೆ ಹೋಗಬಾರದು, ದನದ ಕೊಟ್ಟಿಗೆಗೆ ಹೋಗಿ ಗೋದಲಿಗೆ ಬಾಯಿ ಹಾಕಬೇಕು. ಯಾರಾದರೂ ಹೋಗುತ್ತಾರೆಯೇ? ಇಲ್ಲ. ಏಕೆಂದರೆ ಅಂಕಿ ನೋಡಿ ರಸ ಆರಿಸುತ್ತೇವೆ ಎಂಬುದೇ ಸುಳ್ಳು. ಸಿಹಿಯಾದ, ಕೆಂಪಾದ, ತಣ್ಣಗಿನ ಪಾನೀಯ ಬೇಕಾಗಿರುತ್ತದೆ; ಅಂಕಿ ಅದಕ್ಕೆ ಆಮೇಲೆ ಹುಡುಕಿಕೊಂಡ ಸಮರ್ಥನೆ. ಆಸೆಯನ್ನು ಆಸೆ ಎಂದೇ ಒಪ್ಪಿಕೊಂಡವರ ಬಗ್ಗೆ ಯಾರ ತಕರಾರೂ ಇಲ್ಲ. ಆಸೆಗೆ ಪ್ರಯೋಗಾಲಯದ ಬಿಳಿ ಕೋಟು ತೊಡಿಸಿ, ಅದನ್ನೇ ಪಥ್ಯವೆಂದು ಮನೆಯ ಮುದುಕರಿಗೂ ಮಕ್ಕಳಿಗೂ ಕುಡಿಸುವುದರ ಬಗ್ಗೆ ತಕರಾರು.

ಎರಡನೆಯದು, ಪಟ್ಟಿಯಲ್ಲಿರುವ ರಸವೂ ನಿಮ್ಮ ಗ್ಲಾಸಿನಲ್ಲಿರುವ ರಸವೂ ಒಂದೇ ಅಲ್ಲ. ದಾಳಿಂಬೆ ರಸಕ್ಕೆ ಕೆಂಪು ವೈನ್ ಮತ್ತು ಗ್ರೀನ್ ಟೀಗಿಂತ ಮೂರು ಪಟ್ಟು ಆ್ಯಂಟಿಆಕ್ಸಿಡೆಂಟ್ ಶಕ್ತಿ ಇದೆ ಎಂಬ ಮಾತು ಎಲ್ಲೆಡೆ ಸುತ್ತುತ್ತಿದೆಯಲ್ಲ, ಅದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗಾಲಯದ ಅಧ್ಯಯನದಿಂದ ಬಂದದ್ದು. ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತ್ತು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಇಡೀ ಹಣ್ಣನ್ನು ಸಿಪ್ಪೆ ಸಮೇತ ಯಂತ್ರದಲ್ಲಿ ಹಿಂಡಿದ ಕಾರ್ಖಾನೆಯ ರಸದಲ್ಲಿ ಆ ಶಕ್ತಿ ಹೆಚ್ಚು, ಕಾಳು ಮಾತ್ರ ಹಿಂಡಿದ ರಸದಲ್ಲಿ ಕಡಿಮೆ. ಕಾರಣ ಸರಳ: ಪ್ಯುನಿಕಾಲಾಜಿನ್ ಎಂಬ ಒಗರು ಪದಾರ್ಥ ಮುಖ್ಯವಾಗಿ ಇರುವುದು ಸಿಪ್ಪೆಯಲ್ಲಿ, ಕಾಳಿನಲ್ಲಲ್ಲ. ಸೊಲ್ಲಾಪುರದ ಅಂಗಡಿಯಲ್ಲಾಗಲಿ ಮನೆಯ ಮಿಕ್ಸರಿನಲ್ಲಾಗಲಿ ಯಾರು ಸಿಪ್ಪೆ ಹಾಕಿ ರಸ ತೆಗೆಯುತ್ತಾರೆ? ಕಹಿಯಾದೀತೆಂದು ಬಿಳಿ ಪೊರೆಯನ್ನೂ ಬಿಡದೆ ಬಿಡಿಸಿ ಎಸೆಯುತ್ತೇವೆ. ಹೊಗಳಿಕೆ ಸಿಪ್ಪೆಗೆ ಸಂದದ್ದು, ಹಣ ಕೊಟ್ಟದ್ದು ಕಾಳಿಗೆ! ಇನ್ನು ದಾಳಿಂಬೆ ರಸವನ್ನು ಉಳಿದ ಪಾನೀಯಗಳ ಸಾಲಿನಲ್ಲಿ ನಿಲ್ಲಿಸಿ ಮೊದಲ ಸ್ಥಾನ ಕೊಟ್ಟ 2008ರ ಪ್ರಸಿದ್ಧ ಹೋಲಿಕೆಗೆ ಹಣ ಕೊಟ್ಟದ್ದು ದಾಳಿಂಬೆ ರಸ ಮಾರುವ ಅಮೆರಿಕದ ಪಾಮ್ ವಂಡರ್‌ಫುಲ್ ಕಂಪನಿ. ಓಟದ ಪಂದ್ಯ ಏರ್ಪಡಿಸಿದವನ ಕುದುರೆಯೇ ಗೆದ್ದರೆ ಒಮ್ಮೆಯಾದರೂ ಹುಬ್ಬೇರಿಸಬೇಡವೇ?

ಮೂರನೆಯ ಆರೋಪ ಎಲ್ಲಕ್ಕಿಂತ ಗಂಭೀರ: ನಳಿಕೆಯಲ್ಲಿ ನಡೆದದ್ದು ಮೈಯಲ್ಲಿ ನಡೆಯುವುದಿಲ್ಲ. ದಾಳಿಂಬೆಯ ಪ್ಯುನಿಕಾಲಾಜಿನ್‌ನಂಥ ದೊಡ್ಡ ಪಾಲಿಫಿನಾಲ್‌ಗಳು ಇದ್ದಂತೆಯೇ ರಕ್ತಕ್ಕೆ ಸೇರುವುದಿಲ್ಲ. ಅವು ಕರುಳಿನಲ್ಲಿ ಒಡೆದು, ಅಲ್ಲಿಯ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು, ಯುರೊಲಿಥಿನ್ ಎಂಬ ಬೇರೆಯೇ ಪದಾರ್ಥಗಳಾಗುತ್ತವೆ. ಈ ಯುರೊಲಿಥಿನ್‌ಗಳ ಆ್ಯಂಟಿಆಕ್ಸಿಡೆಂಟ್ ಶಕ್ತಿ ಮೂಲ ಪದಾರ್ಥದ ಮುಂದೆ ತೀರ ಕಡಿಮೆ. ಅವು ಎಲ್ಲರ ಮೈಯಲ್ಲೂ ಹುಟ್ಟುವುದಿಲ್ಲ. ಯಾರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂಬುದರ ಮೇಲೆ ಕೆಲವರಲ್ಲಿ ಒಂದು ಬಗೆ, ಕೆಲವರಲ್ಲಿ ಇನ್ನೊಂದು ಬಗೆ, ಕೆಲವರಲ್ಲಿ ಏನೂ ಇಲ್ಲ. ಹಾಗಾದರೆ ಹಣ್ಣು ತಿಂದ ಮೇಲೆ ರಕ್ತದ ಆ್ಯಂಟಿಆಕ್ಸಿಡೆಂಟ್ ಶಕ್ತಿ ಏರಿತು ಎಂದು ಹೇಳುವ ಪ್ರಯೋಗಗಳು ಸುಳ್ಳೇ? ಸುಳ್ಳಲ್ಲ, ಆದರೆ ಏರಿದ್ದಕ್ಕೆ ಕಾರಣ ಬೇರೆ. ಅಮೆರಿಕದ ಲೊಟಿಟೊ ಮತ್ತು ಫ್ರೈ ಎಂಬ ಸಂಶೋಧಕರು ಸೇಬು ತಿಂದವರ ರಕ್ತ ಪರೀಕ್ಷಿಸಿ, ಆ ಏರಿಕೆಗೆ ಮುಖ್ಯ ಕಾರಣ ಯೂರಿಕ್ ಆಮ್ಲ ಎಂದು ತೋರಿಸಿದರು. ಹಣ್ಣಿನ ಫ್ರಕ್ಟೋಸ್ ಸಕ್ಕರೆ ಯಕೃತ್ತಿನಲ್ಲಿ ಕರಗುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ನಳಿಕೆಯ ಲೆಕ್ಕದಲ್ಲಿ ಅದೂ ಒಂದು ಆ್ಯಂಟಿಆಕ್ಸಿಡೆಂಟ್. ಸೇಬಿನ ಬದಲು ಅಷ್ಟೇ ಫ್ರಕ್ಟೋಸ್ ಕೊಟ್ಟಾಗಲೂ ಶಕ್ತಿ ಏರಿತು. ಹೆಬ್ಬೆರಳ ಗಂಟಿನಲ್ಲಿ ಕೂತು ರಾತ್ರಿಯಿಡೀ ಕೂಗಿಸುವ ಗೌಟ್ ನೋವಿನ ಮೂಲವೂ ಇದೇ ಯೂರಿಕ್ ಆಮ್ಲ. ರಕ್ತದಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚುವುದೇ ಪುಣ್ಯವಾದರೆ ಗೌಟ್ ರೋಗಿಗಳೆಲ್ಲ ಪುಣ್ಯವಂತರೇ!

ನಾಲ್ಕನೆಯದಾಗಿ, ಈ ಶಾಸ್ತ್ರದ ತಾಯಿಬೇರನ್ನೇ ನೋಡೋಣ. ಫ್ರೀ ರ‍್ಯಾಡಿಕಲ್‌ಗಳು ಶತ್ರುಗಳು, ಅವನ್ನು ಹೊಡೆದು ಹಾಕಿದಷ್ಟೂ ಒಳ್ಳೆಯದು ಎಂಬ ಕಲ್ಪನೆಗೆ 1956ರಲ್ಲಿ ಡೆನ್ಹ್ಯಾಮ್ ಹಾರ್ಮನ್ ಮಂಡಿಸಿದ ಮುಪ್ಪಿನ ಸಿದ್ಧಾಂತ ಬಲ ಕೊಟ್ಟಿತು. ಸಿದ್ಧಾಂತ ಸುಂದರವಾಗಿತ್ತು, ಪರೀಕ್ಷೆಯಲ್ಲಿ ಸೋತಿತು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂದಾಗ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಅಂಥದ್ದೇ ಪರೀಕ್ಷೆಯನ್ನು ಶೇ. 28ರಷ್ಟು ಹೆಚ್ಚಳ ಕಂಡು 1996ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. 35,000ಕ್ಕೂ ಹೆಚ್ಚು ಗಂಡಸರಿದ್ದ ಮತ್ತೊಂದು ಪರೀಕ್ಷೆಯಲ್ಲಿ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೆಂದು 2011ರಲ್ಲಿ ತಿಳಿಯಿತು. ಜರ್ಮನಿಯ ಸಂಶೋಧಕರು 2009ರಲ್ಲಿ ತೋರಿಸಿದ್ದು ಇನ್ನೂ ಕುತೂಹಲದ್ದು: ವ್ಯಾಯಾಮ ಮಾಡುವವರಿಗೆ ಸಿ ಮತ್ತು ಇ ವಿಟಮಿನ್ ಮಾತ್ರೆ ಕೊಟ್ಟಾಗ, ವ್ಯಾಯಾಮದಿಂದ ಇನ್ಸುಲಿನ್‌ಗೆ ಸಿಗಬೇಕಾಗಿದ್ದ ಬಲವೇ ಸಿಗಲಿಲ್ಲ. ಫ್ರೀ ರ‍್ಯಾಡಿಕಲ್‌ಗಳು ದೇಹದ ಸಂದೇಶವಾಹಕರೂ ಹೌದು, ರೋಗಾಣುಗಳನ್ನು ಕೊಲ್ಲುವ ರಕ್ತಕಣಗಳ ಆಯುಧವೂ ಹೌದು. ಇವೆಲ್ಲ ಮಾತ್ರೆಯ ಕಥೆ, ರಸದ ಕಥೆಯಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಆದರೆ ರಸಕ್ಕೆ ಮಹಿಮೆ ತಂದುಕೊಟ್ಟ ವಾದ ಯಾವುದು? ಆ್ಯಂಟಿಆಕ್ಸಿಡೆಂಟ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ವಾದ. ಅದನ್ನು ಶುದ್ಧ ರೂಪದಲ್ಲಿ, ದೊಡ್ಡ ಪ್ರಮಾಣದಲ್ಲಿ, ಸಾವಿರಾರು ಜನರ ಮೇಲೆ ಒರೆಗೆ ಹಚ್ಚಿದಾಗ ಬಂದ ಉತ್ತರ ಇದು. ವಾದ ಬಿದ್ದ ಮೇಲೂ ಅದರ ನೆರಳಲ್ಲಿ ಅಂಗಡಿ ನಡೆಸುವುದು ಯಾವ ನ್ಯಾಯ?

ಈಗ ಸಕ್ಕರೆಗೆ ಬರೋಣ, ಏಕೆಂದರೆ ಜಾಹೀರಾತು ಅಲ್ಲಿಗೆ ಬರುವುದೇ ಇಲ್ಲ. 100 ಮಿಲಿಲೀಟರ್ ದಾಳಿಂಬೆ ರಸದಲ್ಲಿ ಸಕ್ಕರೆ ಸುಮಾರು 12 ಗ್ರಾಂ. ಅಂಗಡಿಯವನು ಮೇಲಿಂದ ಒಂದು ಚಮಚವನ್ನೂ ಹಾಕದಿದ್ದಾಗಿನ ಲೆಕ್ಕ ಇದು. 200 ಮಿಲಿಲೀಟರಿನ ಒಂದು ಗ್ಲಾಸಿಗೆ ಸುಮಾರು 25 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಜೇನಿನ ಸಕ್ಕರೆಯನ್ನೂ ಬಟ್ಟಲಿಗೆ ಸುರಿದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದಿದೆ. ಈ ಶೇ. 5 ಅಂದರೆ ಸರಿಸುಮಾರು ಅದೇ 25 ಗ್ರಾಂ. ಮುಂಜಾನೆ ಒಂದು ಗ್ಲಾಸು ರಸ ಕುಡಿದರೆ ಇಡೀ ದಿನದ ಪಾಲು ಅಲ್ಲಿಗೇ ಮುಗಿಯಿತು. ಚಹಾ, ಹೋಳಿಗೆ, ಬಿಸ್ಕೀಟು ಎಲ್ಲ ಮೇಲುಸಾಲ. ಹಣ್ಣನ್ನೇ ತಿಂದರೂ ಇದೇ ಸಕ್ಕರೆ ತಾನೇ ಎಂಬ ಪ್ರಶ್ನೆ ಏಳುತ್ತದೆ. ಒಂದು ಗ್ಲಾಸಿಗೆ ಎರಡು ಮೂರು ಹಣ್ಣು ಬೇಕು. ಅಷ್ಟು ಕಾಳನ್ನು ಅಗಿದು ತಿನ್ನಲು ಹೊತ್ತು ಹಿಡಿಯುತ್ತದೆ, ಬೀಜದ ನಾರು ಹೊಟ್ಟೆ ತುಂಬಿಸುತ್ತದೆ, ಸಕ್ಕರೆ ಸಾವಕಾಶ ರಕ್ತಕ್ಕೆ ಇಳಿಯುತ್ತದೆ, ಒಂದು ಹಣ್ಣು ಮುಗಿಯುವ ಹೊತ್ತಿಗೆ ಸಾಕೆನಿಸುತ್ತದೆ. ರಸವಾದರೆ ನಾಲ್ಕು ಗುಟುಕು. ಅಮೆರಿಕದ ಸುಮಾರು 1,87,000 ಆರೋಗ್ಯ ಸಿಬ್ಬಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಡೀ ಹಣ್ಣು, ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ತಿನ್ನುವವರಿಗೆ ಎರಡನೇ ಬಗೆಯ ಮಧುಮೇಹ ಬರುವುದು ಕಡಿಮೆಯೆಂದೂ, ಹಣ್ಣಿನ ರಸ ಹೆಚ್ಚು ಕುಡಿಯುವವರಿಗೆ ಬರುವುದು ಹೆಚ್ಚೆಂದೂ ಕಂಡಿತು. ಹಣ್ಣು ಅದೇ, ಹೊಗಳಿಕೆಯ ಪಾಲಿಫಿನಾಲ್ ಅದೇ. ರಸ ಮಾಡಿದ ಕೂಡಲೇ ಫಲ ತಿರುಗಿಬಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆಯ 2023ರ ಲೆಕ್ಕದಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಇಂಥ ದೇಶದಲ್ಲಿ ರಸವನ್ನು ಆರೋಗ್ಯದ ಹೆಸರಿನಲ್ಲಿ ಕುಡಿಸುವವರಿಗೆ ಏನೆನ್ನಬೇಕು?

ಈ ನಂಬಿಕೆಯ ಇನ್ನೊಂದು ಕವಲು ನಮ್ಮ ಕಡೆ ಇನ್ನೂ ಆಳಕ್ಕೆ ಇಳಿದಿದೆ: ದಾಳಿಂಬೆ ರಸ ಕುಡಿದರೆ ರಕ್ತ ಹೆಚ್ಚುತ್ತದೆ. ಬಾಣಂತಿಗೆ, ಬಸುರಿಗೆ, ಬಿಳಿಚಿಕೊಂಡ ಹುಡುಗಿಗೆ ಮೊದಲು ಬರುವುದು ಈ ಕೆಂಪು ಗ್ಲಾಸೇ. ಕೆಂಪು ಬಣ್ಣ ಕೊಡುವುದು ಆ್ಯಂಥೊಸಯನಿನ್, ಕಬ್ಬಿಣವಲ್ಲ. 100 ಗ್ರಾಂ ದಾಳಿಂಬೆ ಕಾಳಿನಲ್ಲಿರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ, ರಸದಲ್ಲಿ ಅದಕ್ಕಿಂತಲೂ ಕಡಿಮೆ. ಐಸಿಎಂಆರ್ 2020ರಲ್ಲಿ ವಯಸ್ಕ ಹೆಣ್ಣಿಗೆ ನಿಗದಿ ಮಾಡಿದ ದಿನದ ಪ್ರಮಾಣ 29 ಮಿಲಿಗ್ರಾಂ. ದಾಳಿಂಬೆಯಿಂದಲೇ ಅದನ್ನು ತುಂಬಿಸಬೇಕೆಂದರೆ ದಿನಕ್ಕೆ ಸುಮಾರು ಹತ್ತು ಕಿಲೋ ಕಾಳು ತಿನ್ನಬೇಕು. ಮೇಲಾಗಿ, ಊಟದೊಂದಿಗೆ ಚಹಾ ಕುಡಿಯಬೇಡಿ, ಕಬ್ಬಿಣ ಹೀರಿಕೆ ತಗ್ಗುತ್ತದೆ ಎಂದು ವೈದ್ಯರು ಹೇಳುವುದು ಏತಕ್ಕೆ? ಚಹಾದ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತವೆ ಎಂಬ ಕಾರಣಕ್ಕೆ. ಜಾಹೀರಾತಿನಲ್ಲಿ ಆ್ಯಂಟಿಆಕ್ಸಿಡೆಂಟ್ ಎಂದು ಮೆರೆಯುವುದೂ ಅದೇ ಕುಲದ ಪದಾರ್ಥ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅವರಿಗೆ ಬೇಕಾದದ್ದು ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣದ ಗುಳಿಗೆ, ಬೇಳೆ, ಸೊಪ್ಪು, ಅದರ ಮೇಲೆ ಹಿಂಡಿದ ನಿಂಬೆಹುಳಿ. ನಾವು ಕೊಡುತ್ತಿರುವುದು ಬಣ್ಣದ ಸಮಾಧಾನ. ಗುಳಿಗೆ ಡಬ್ಬಿಯಲ್ಲೇ ಉಳಿದು, ರಸಕ್ಕೆ ದುಡ್ಡು ಹೊಂದಿಸುವ ಬಡ ಮನೆಯ ಲೆಕ್ಕವನ್ನು ಯಾವ ಆ್ಯಂಟಿಆಕ್ಸಿಡೆಂಟ್ ಪಟ್ಟಿ ಬರೆದಿದೆ?

ಹಾಗಾದರೆ ಈ ನಂಬಿಕೆ ಯಾರಿಗೆ ಲಾಭ? ಉತ್ತರವನ್ನು ಅಮೆರಿಕದ ನ್ಯಾಯಾಲಯದ ದಾಖಲೆಗಳೇ ಕೊಟ್ಟಿವೆ. ದಾಳಿಂಬೆ ರಸ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಮುಂತಾದವನ್ನು ತಡೆಯುತ್ತದೆ, ವಾಸಿ ಮಾಡುತ್ತದೆ ಎಂಬರ್ಥದ ಜಾಹೀರಾತುಗಳ ಮೇಲೆ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಪಾಮ್ ವಂಡರ್‌ಫುಲ್ ವಿರುದ್ಧ ದೂರು ಹೂಡಿತು. ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂದು 2013ರಲ್ಲಿ ಕಮಿಷನ್ ತೀರ್ಪು ಕೊಟ್ಟಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ಮುಖ್ಯಾಂಶಗಳನ್ನು ಎತ್ತಿಹಿಡಿಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಈ ಪ್ರಕರಣದ ಒಂದು ವಿವರ ಬಾಯಿಪಾಠ ಮಾಡುವಂಥದ್ದು. 19 ರೋಗಿಗಳ ಒಂದು ಸಣ್ಣ ಅಧ್ಯಯನದಲ್ಲಿ ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪ ಇಳಿಯಿತೆಂದು ಕಂಡದ್ದನ್ನು ಕಂಪನಿ ಡಂಗುರ ಸಾರಿತು. ಆಮೇಲೆ ಅದೇ ಕಂಪನಿಯ ಹಣದಿಂದ ಸುಮಾರು 290 ಜನರ ಮೇಲೆ 18 ತಿಂಗಳು ನಡೆದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ವ್ಯತ್ಯಾಸವೇನೂ ಕಾಣಲಿಲ್ಲ. ಜಾಹೀರಾತು ಅದರ ಬಗ್ಗೆ ಬಾಯಿ ಬಿಡಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಆಹಾರಗಳ ಆ್ಯಂಟಿಆಕ್ಸಿಡೆಂಟ್ ಹೇಳಿಕೆಗಳ ದೊಡ್ಡ ರಾಶಿಯನ್ನು, ಮನುಷ್ಯನಿಗೆ ಪ್ರಯೋಜನವಾದ ಪುರಾವೆ ಇಲ್ಲವೆಂದು 2010ರಿಂದಲೇ ತಿರಸ್ಕರಿಸುತ್ತ ಬಂದಿದೆ. ನಮ್ಮಲ್ಲೂ ಆಹಾರ ಸುರಕ್ಷತೆ ನೋಡುವ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ, ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ ತಯಾರಿಸಿದ ಪಾನೀಯದ ಡಬ್ಬಿಯಿಂದ ‘ಶೇ. 100 ಹಣ್ಣಿನ ರಸ’ ಎಂಬ ಬರಹ ಕಿತ್ತುಹಾಕಿ ಎಂದು ಆದೇಶಿಸಿತು. ಅಷ್ಟು ವರ್ಷ ಆ ಡಬ್ಬಿಯ ಮೇಲಿನ ಮೊದಲ ಸಾಲೇ ನಂಬಿಕೆಗೆ ಅರ್ಹವಾಗಿರಲಿಲ್ಲ ಎಂದಾಯಿತು. ಎರಡನೇ ಸಾಲಿನ ಆ್ಯಂಟಿಆಕ್ಸಿಡೆಂಟ್ ಅನ್ನು ಮಾತ್ರ ಯಾವ ಧೈರ್ಯದ ಮೇಲೆ ನಂಬಬೇಕು?

ಆಕ್ಷೇಪಗಳು ಇವೆ, ಒಂದೊಂದಾಗಿ ನೋಡೋಣ. ದಾಳಿಂಬೆ ರಸದಿಂದ ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆಂದು ಹಲವು ಸಣ್ಣ ಪರೀಕ್ಷೆಗಳು ತೋರಿಸಿವೆ ಎಂಬುದು ಮೊದಲ ಆಕ್ಷೇಪ. ತೋರಿಸಿರುವುದು ನಿಜ. ಆದರೆ ಅವು ಕಡಿಮೆ ಜನರ, ಕಡಿಮೆ ಅವಧಿಯ ಪರೀಕ್ಷೆಗಳು. ಇಳಿದ ಒತ್ತಡದಿಂದ ಹೃದಯಾಘಾತ ತಪ್ಪಿತೇ ಎಂಬುದನ್ನು ಅವು ಹೇಳುವುದಿಲ್ಲ. ಇಳಿಕೆಗೆ ಕಾರಣ ಆ್ಯಂಟಿಆಕ್ಸಿಡೆಂಟ್ ಗುಣ ಎಂಬುದಕ್ಕೂ ಅಲ್ಲಿ ಆಧಾರವಿಲ್ಲ. ರಸದಲ್ಲಿ ಪೊಟ್ಯಾಸಿಯಂ ಕೂಡ ಸಾಕಷ್ಟಿದೆ. ಆ ಪೊಟ್ಯಾಸಿಯಮ್ಮೇ ಮೂತ್ರಪಿಂಡ ಸೋತ ರೋಗಿಗೆ ಅಪಾಯ, ಮತ್ತು ಹಳೆಯ ಸಕ್ಕರೆ ಕಾಯಿಲೆ ಮೊದಲು ಹೊಡೆಯುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಕೋಲಾ ಕುಡಿಯುವುದಕ್ಕಿಂತ ಇದು ವಾಸಿಯಲ್ಲವೇ ಎಂಬುದು ಎರಡನೆಯದು. ವಿಟಮಿನ್ ಲೆಕ್ಕದಲ್ಲಿ ವಾಸಿ, ಸಕ್ಕರೆ ಲೆಕ್ಕದಲ್ಲಿ ಅಲ್ಲ. 100 ಮಿಲಿಲೀಟರ್ ಕೋಲಾದಲ್ಲಿ ಸಕ್ಕರೆ 11 ಗ್ರಾಮಿನ ಒಳಗೇ ಇದೆ. ಕೋಲಾ ಕುಡಿಯುವವನಿಗೆ ತಾನು ಕುಡಿಯುವುದು ಕೋಲಾ ಎಂಬ ಎಚ್ಚರವಾದರೂ ಇರುತ್ತದೆ, ಒಂದು ಬಾಟಲಿಗೆ ಕೈ ತಡೆಯುತ್ತಾನೆ. ರಸ ಕುಡಿಯುವವನು ಔಷಧಿ ಎಂದುಕೊಂಡು ದಿನಾ ಕುಡಿಯುತ್ತಾನೆ, ಮಗುವಿಗೂ ಕುಡಿಸುತ್ತಾನೆ. ನಮ್ಮ ವೈದ್ಯ ಪರಂಪರೆಯೇ ದಾಳಿಂಬೆಯನ್ನು ಹೊಗಳಿದೆ ಎಂಬುದು ಮೂರನೆಯದು. ಹೊಗಳಿದೆ, ಆದರೆ ಯಾವುದಕ್ಕೆ? ದಾಳಿಂಬೆ ಸೇರಿದ ದಾಡಿಮಾಷ್ಟಕ ಚೂರ್ಣ ಕೊಡುವುದು ಜೀರ್ಣಕ್ಕೆ, ಭೇದಿಗೆ, ಚಿಟಿಕೆ ಲೆಕ್ಕದಲ್ಲಿ. ದಿನಕ್ಕೊಂದು ದೊಡ್ಡ ಗ್ಲಾಸು ಸಿಹಿ ರಸಕ್ಕೆ ಆಯುರ್ವೇದದ ಸಾಕ್ಷಿ ಕರೆಯುವುದು ಅಜ್ಜನ ಸಹಿ ಹಾಕಿ ಮೊಮ್ಮಗ ಸಾಲ ಎತ್ತಿದ ಹಾಗೆ.

ನಾಲ್ಕನೆಯ ಆಕ್ಷೇಪ ಹೆಚ್ಚು ತೂಕದ್ದು, ಹಾಗೂ ಈ ಜಿಲ್ಲೆಯಲ್ಲಿ ಅದನ್ನು ತಪ್ಪಿಸಿ ನಡೆಯಲಾಗದು. ದಾಳಿಂಬೆ ಬೆಳೆಗಾರ ಮೊದಲೇ ಸೋತಿದ್ದಾನೆ. ಎಣ್ಣೆ ಬಳಿದಂತೆ ಕಲೆ ಬಿದ್ದು ಹಣ್ಣು ಸೀಳುವ ತೇಲ್ಯಾ ರೋಗ, ನಿಂತ ಗಿಡವೇ ಒಣಗುವ ಮರ ರೋಗ, ಕಾಂಡ ಕೊರೆಯುವ ಹುಳ, ಕೈಕೊಡುವ ಹೂವಿನ ಬಹಾರ, ಟ್ಯಾಂಕರ್ ನೀರಿನ ಖರ್ಚು. ಇಂಥವನ ಹಣ್ಣಿಗೆ ಆ್ಯಂಟಿಆಕ್ಸಿಡೆಂಟ್ ಹೆಸರಿನಲ್ಲಾದರೂ ನಾಲ್ಕು ಕಾಸು ಹೆಚ್ಚು ಬಂದರೆ ನಿಮಗೇನು ಹೊಟ್ಟೆಕಿಚ್ಚು ಎಂದು ಕೇಳಬಹುದು. ಬಂದರೆ ಸಂತೋಷವೇ. ಬರುವುದಿಲ್ಲ ಎಂಬುದೇ ಇಲ್ಲಿಯ ವಾದ. ರಸದ ಕಾರ್ಖಾನೆ ಕೊಳ್ಳುವುದು ಕಲೆ ಬಿದ್ದ, ಸೀಳಿದ, ಸಣ್ಣ ಗಾತ್ರದ ಹಣ್ಣನ್ನು, ಅದೂ ಪೇಟೆಯ ಹಣ್ಣಿಗಿಂತ ಅಗ್ಗದ ದರಕ್ಕೆ. ಆ್ಯಂಟಿಆಕ್ಸಿಡೆಂಟ್ ಎಂಬ ಪದಕ್ಕೆ ಗಿರಾಕಿ ಕೊಡುವ ಹೆಚ್ಚುವರಿ ಬೆಲೆ ಬಾಟಲಿಯ ಚೀಟಿ ಅಂಟಿಸುವಲ್ಲಿ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಂಕಿಯ ಮೇಲೆ ಮಾರುವ ಹಣ್ಣನ್ನು ಇನ್ನೂ ದೊಡ್ಡ ಅಂಕಿಯ ಹಣ್ಣು ನಾಳೆಯೇ ಕೆಳಗಿಳಿಸುತ್ತದೆ. ನೋನಿ ಬಂತು, ಬ್ಲೂಬೆರಿ ಬಂತು, ಬ್ರೆಜಿಲ್‌ನ ಅಸಾಯಿ ಬಂತು, ಡ್ರ್ಯಾಗನ್ ಹಣ್ಣು ಬಂತು; ಪ್ರತಿಯೊಂದೂ ಹಿಂದಿನದಕ್ಕಿಂತ ಹೆಚ್ಚು ಆ್ಯಂಟಿಆಕ್ಸಿಡೆಂಟ್ ಎಂದು ಕೂಗುತ್ತಲೇ ಬಂತು. ದಾಳಿಂಬೆ ಗಿಡ ನೆಟ್ಟು ಫಸಲು ಕಾಣಲು ವರ್ಷಗಳು ಬೇಕು, ಫ್ಯಾಶನ್ ಬದಲಾಗಲು ಒಂದು ವಿಡಿಯೊ ಸಾಕು. ರೈತನ ಹಿತ ಬಯಸುವವರು ಅವನ ಬಾಳನ್ನು ಇಂಥ ಹರಾಜಿಗೆ ಕಟ್ಟುತ್ತಾರೆಯೇ? ಭಗವಾದ ರುಚಿ, ಕಾಳಿನ ಮೆತ್ತನೆ, ದೂರದ ಊರಿಗೂ ಕೆಡದೆ ತಾಳುವ ಗುಣ ನಿಜವಾದವು. ಯಾವ ಕಮಿಷನ್ನೂ ಅವನ್ನು ಸುಳ್ಳೆಂದು ತೀರ್ಪು ಕೊಡಲಾರದು. ಅವುಗಳ ಮೇಲೆ ಮಾರಾಟ ಕಟ್ಟಬೇಕು.

ಈ ನಂಬಿಕೆ ಮಾಡಿದ ಕೊನೆಯ ಕೇಡು ಊಟದ ಬಗೆಗಿನ ನಮ್ಮ ತಿಳಿವಳಿಕೆಗೆ. ಆಹಾರವನ್ನು ಒಂದೇ ಗುಣದ ಒಂದೇ ಅಂಕಿಗೆ ಇಳಿಸಿದಾಗ, ಆ ಅಂಕಿ ಇಲ್ಲದ ಎಲ್ಲವೂ ಕೀಳಾಗಿ ಕಾಣುತ್ತದೆ. ಮಂಗಳವೇಢೆಯ ಜೋಳಕ್ಕೂ ಜಿಐ ಮಾನ್ಯತೆ ಇದೆ. ಮಾಲದಂಡಿ ಜೋಳದ ರೊಟ್ಟಿ, ಸೊಲ್ಲಾಪುರದ ಶೇಂಗಾ ಚಟ್ನಿ, ಬೇಳೆಯ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಸೇರಿದ ತಾಟು ನಾರು, ಪ್ರೋಟೀನು, ಖನಿಜಗಳನ್ನು ಸದ್ದಿಲ್ಲದೆ ಕೊಡುತ್ತ ಬಂದಿದೆ. ಆ ತಾಟಿನ ಮುಂದೆ ಕೂತು, ಇದರಲ್ಲಿ ಆ್ಯಂಟಿಆಕ್ಸಿಡೆಂಟ್ ಎಷ್ಟು ಎಂದು ಕೇಳಿ, ಸಿಗದ ಉತ್ತರಕ್ಕೆ ನಿರಾಶರಾಗಿ ರಸದ ಡಬ್ಬಿ ಒಡೆಯುವ ತಲೆಮಾರನ್ನು ತಯಾರು ಮಾಡುತ್ತಿದ್ದೇವೆ. ಹಾಗೆಂದು ಜೋಳವನ್ನೂ ಆ್ಯಂಟಿಆಕ್ಸಿಡೆಂಟ್ ಧಾನ್ಯವೆಂದು ಹೊಗಳಲು ಯಾರೂ ಹೊರಡಬೇಡಿ. ಅದು ಅದೇ ಸುಳ್ಳನ್ನು ಬೇರೆ ಚೀಲದಲ್ಲಿ ತುಂಬಿದಂತೆ, ಆ ಚೀಲ ಹೊಲಿಯುವವರೂ ಈಗಾಗಲೇ ಹೊರಟಿದ್ದಾರೆ. ಹಣ್ಣು, ಕಾಳು, ಸೊಪ್ಪು ತಿನ್ನುವವರ ಆರೋಗ್ಯ ಉತ್ತಮವಾಗಿರುತ್ತದೆ ಎಂಬುದನ್ನು ಲೆಕ್ಕವಿಲ್ಲದಷ್ಟು ಅಧ್ಯಯನಗಳು ಹೇಳಿವೆ. ಅದಕ್ಕೆ ಕಾರಣ ಒಂದು ಪದಾರ್ಥ, ಅದನ್ನು ಹಿಂಡಿ ಬಾಟಲಿಗೆ ತುಂಬಬಹುದು ಎಂದು ಹೇಳಿದ್ದು ಮಾತ್ರ ವ್ಯಾಪಾರ.

ಆದ್ದರಿಂದ ಮಾಡಬೇಕಾದದ್ದು ಸ್ಪಷ್ಟ. ಎಫ್‌ಎಸ್‌ಎಸ್‌ಎಐ ಒಂದು ಹೆಜ್ಜೆ ಇಟ್ಟಿದೆ, ಇನ್ನೊಂದನ್ನೂ ಇಡಲಿ: ಮನುಷ್ಯರ ಮೇಲಿನ ಗಟ್ಟಿ ಪರೀಕ್ಷೆ ತೋರಿಸದ ಹೊರತು ಯಾವ ರಸದ ಡಬ್ಬಿಯ ಮೇಲೂ ಆ್ಯಂಟಿಆಕ್ಸಿಡೆಂಟ್ ಎಂಬ ಪದ ಇರಬಾರದು, ಒಂದು ಗ್ಲಾಸಿನ ಸಕ್ಕರೆ ಎಷ್ಟು ಚಮಚ ಎಂಬುದು ಎದುರುಗಡೆ ದಪ್ಪ ಅಕ್ಷರದಲ್ಲಿ, ಇಲ್ಲಿ ಮಾರುವುದಾದರೆ ಕನ್ನಡ ಮತ್ತು ಮರಾಠಿಯಲ್ಲಿ ಇರಬೇಕು. ದಾಳಿಂಬೆ ಸಂಶೋಧನಾ ಕೇಂದ್ರವೂ ಬೆಳೆಗಾರರ ಸಂಘಗಳೂ ಹಣ್ಣನ್ನು ಹಣ್ಣಾಗಿಯೇ ಹೆಚ್ಚು ಜನ ಕೊಳ್ಳುವಂತೆ, ಸುಲಿದ ಕಾಳು ಕೆಡದೆ ಅಂಗಡಿ ತಲುಪುವಂತೆ ಮಾಡುವುದರಲ್ಲಿ ತಮ್ಮ ಜಾಣತನ ತೋರಲಿ. ವೈದ್ಯರು ಚೀಟಿಯಲ್ಲೂ ಬಾಯಿಮಾತಲ್ಲೂ ರಸ ಬರೆಯುವುದನ್ನು ನಿಲ್ಲಿಸಲಿ. ರಕ್ತಹೀನತೆಯ ಹುಡುಗಿಗೆ ಗುಳಿಗೆ ನುಂಗಿದೆಯಾ ಎಂದು ಆಶಾ ಕಾರ್ಯಕರ್ತೆ ಕೇಳುವ ಪ್ರಶ್ನೆಗೆ ಮನೆಯವರೂ ದನಿಗೂಡಿಸಲಿ. ದವಾಖಾನೆಗೆ ರೋಗಿ ನೋಡಲು ಹೋಗುವವರು ಡಬ್ಬಿ ಬಿಟ್ಟು ಹಣ್ಣು ಒಯ್ಯಲಿ, ಸಕ್ಕರೆ ಕಾಯಿಲೆಯವರಿದ್ದರೆ ಮೊದಲು ಕೇಳಿ ಒಯ್ಯಲಿ. ರಸ ಕುಡಿಯುವುದೇ ಆದರೆ ರುಚಿಗೆ ಕುಡಿಯಿರಿ, ಸಣ್ಣ ಗ್ಲಾಸಿನಲ್ಲಿ ಕುಡಿಯಿರಿ, ಹಬ್ಬಕ್ಕೆ ಹೋಳಿಗೆ ತಿಂದಷ್ಟೇ ಪ್ರಾಮಾಣಿಕವಾಗಿ ಕುಡಿಯಿರಿ. ಆ್ಯಂಟಿಆಕ್ಸಿಡೆಂಟ್ ಎಂಬ ಪದಕ್ಕಾಗಿ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ರೂಪಾಯಿ ಕೇಳಿದವರ ಮುಂದೆ, ಇದು ಯಾವ ಮನುಷ್ಯರ ಮೇಲೆ, ಎಷ್ಟು ಜನರ ಮೇಲೆ, ಯಾರ ದುಡ್ಡಿನಲ್ಲಿ ಸಾಬೀತಾಗಿದೆ ಎಂಬ ಮೂರು ಪ್ರಶ್ನೆ ಇಡಿ. ಉತ್ತರ ಬರುವವರೆಗೆ ದಾಳಿಂಬೆಯನ್ನು ಸುಲಿದು, ಕಾಳನ್ನು ಅಗಿದು ತಿನ್ನಿ.